ಲೆಬನಾನ್ ಸಂಸತ್ತಿನ ಬೀಗದ ಕೈ: ನಬೀಹ್ ಬೆರ್ರಿಯವರ ಮೂರು ದಶಕಗಳು

2022ರ ಮೇ 31ರಂದು ಬೈರೂತಿನ ನಜ್ಮಾ ಚೌಕದಲ್ಲಿರುವ ಸಂಸತ್ ಭವನದಲ್ಲಿ, ಎರಡು ವಾರಗಳ ಹಿಂದಷ್ಟೇ ಗೆದ್ದು ಬಂದಿದ್ದ 128 ಸದಸ್ಯರು ತಮ್ಮ ಸಭಾಧ್ಯಕ್ಷರನ್ನು ಆರಿಸಲು ಸೇರಿದ್ದರು. ಕಣದಲ್ಲಿದ್ದದ್ದು ಒಂದೇ ಹೆಸರು. ಮತಪೆಟ್ಟಿಗೆ ತೆರೆದಾಗ ಆ ಹೆಸರಿಗೆ 65 ಮತಗಳು ಬಿದ್ದಿದ್ದವು. 23 ಚೀಟಿಗಳು ಖಾಲಿ ಇದ್ದವು. ಉಳಿದ 40 ಅಸಿಂಧುವಾದವು, ಏಕೆಂದರೆ ಅವುಗಳ ಮೇಲೆ ಸದಸ್ಯರು ಹೆಸರಿನ ಬದಲು ಘೋಷಣೆಗಳನ್ನು ಬರೆದಿದ್ದರು, ಕೆಲವರಂತೂ 2020ರ ಬಂದರು ಸ್ಫೋಟದಲ್ಲಿ ಸತ್ತವರಿಗೆ ನ್ಯಾಯ ಬೇಕೆಂದು ಬರೆದು ಪೆಟ್ಟಿಗೆಗೆ ಹಾಕಿದ್ದರು. ಅರ್ಧಕ್ಕಿಂತ ಒಂದೇ ಮತ ಹೆಚ್ಚು ಪಡೆದು ಗೆದ್ದವರು ನಬೀಹ್ ಬೆರ್ರಿ. 1992ರ ಅಕ್ಟೋಬರ್ 20ರಿಂದ ಬಿಡುವಿಲ್ಲದೆ ಅದೇ ಕುರ್ಚಿಯಲ್ಲಿ ಕುಳಿತಿದ್ದ ಅವರಿಗೆ ಆಗ 84 ವರ್ಷ, ಮತ್ತು ಅದು ಅವರ ಏಳನೆಯ ಅವಧಿ.

2005 ಮತ್ತು 2009ರಲ್ಲಿ ತಲಾ 90, 2018ರಲ್ಲಿ 98 ಮತ ಪಡೆದಿದ್ದವರಿಗೆ 65 ಎನ್ನುವುದು ದೊಡ್ಡ ಕುಸಿತವೇ ಸರಿ. ಆದರೆ ಆ ದಿನದ ಲೆಕ್ಕದಲ್ಲಿ ಗಮನಿಸಬೇಕಾದದ್ದು ಗೆದ್ದ 65ಕ್ಕಿಂತ ಬೇರೆಯದು. ಬೆರ್ರಿ ಬೇಡವೆಂದ 63 ಮಂದಿ ಅವರೆದುರು ಇನ್ನೊಬ್ಬ ಅಭ್ಯರ್ಥಿಯನ್ನು ಏಕೆ ನಿಲ್ಲಿಸಲಿಲ್ಲ? ಅವರಿಗೆ ಧೈರ್ಯವಿರಲಿಲ್ಲವೆಂದಲ್ಲ, ನಿಲ್ಲಿಸಲು ಒಬ್ಬ ಮನುಷ್ಯನೂ ಇರಲಿಲ್ಲ. ಈ ಒಂದು ಕಾರಣವನ್ನು ಬಿಡಿಸಿಕೊಂಡರೆ ಲೆಬನಾನಿನ ರಾಜಕೀಯದ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಲೆಬನಾನಿನಲ್ಲಿ ಸರ್ಕಾರದ ಮಾನ್ಯತೆ ಪಡೆದ 18 ಧಾರ್ಮಿಕ ಪಂಗಡಗಳಿವೆ. 1943ರಲ್ಲಿ ಫ್ರೆಂಚರ ಆಡಳಿತದಿಂದ ಸ್ವತಂತ್ರವಾಗುವ ಹೊತ್ತಿಗೆ ಮಾರೊನೈಟ್ ಕ್ರೈಸ್ತ ನಾಯಕ ಬಿಶಾರಾ ಅಲ್ ಖೂರಿ ಮತ್ತು ಸುನ್ನಿ ನಾಯಕ ರಿಯಾದ್ ಅಲ್ ಸುಲ್ಹ್ ಮಾಡಿಕೊಂಡ ಬಾಯಿಮಾತಿನ ಒಪ್ಪಂದವೇ ಇಂದಿಗೂ ಅಧಿಕಾರ ಹಂಚಿಕೆಯ ತಳಪಾಯ. ಅದರಿಂದ ಬೆಳೆದ ರೂಢಿಯ ಪ್ರಕಾರ ರಾಷ್ಟ್ರಾಧ್ಯಕ್ಷರು ಮಾರೊನೈಟ್ ಆಗಿರಬೇಕು, ಪ್ರಧಾನಿ ಸುನ್ನಿ ಮುಸ್ಲಿಮರಾಗಿರಬೇಕು, ಸಂಸತ್ತಿನ ಸಭಾಧ್ಯಕ್ಷರು ಶಿಯಾ ಮುಸ್ಲಿಮರಾಗಿರಬೇಕು. ಯಾವ ಹುದ್ದೆ ಯಾವ ಪಂಗಡಕ್ಕೆ ಎಂಬುದನ್ನು ಸಂವಿಧಾನದ ಯಾವ ವಿಧಿಯೂ ಹೇಳುವುದಿಲ್ಲ, ಆದರೂ ಅದನ್ನು ಮುರಿಯುವ ಮಾತನ್ನು ಯಾರೂ ಆಡುವುದಿಲ್ಲ. ಸಂಸತ್ತಿನ ಸ್ಥಾನಗಳಿಗಾದರೋ ಲಿಖಿತ ಲೆಕ್ಕವಿದೆ. ಒಟ್ಟು 128ರಲ್ಲಿ ಅರ್ಧ ಕ್ರೈಸ್ತರಿಗೆ, ಅರ್ಧ ಮುಸ್ಲಿಮರಿಗೆ. ಮುಸ್ಲಿಮರ 64ರಲ್ಲಿ ಶಿಯಾಗಳಿಗೆ 27, ಸುನ್ನಿಗಳಿಗೆ 27, ಡ್ರೂಜ್ ಸಮುದಾಯಕ್ಕೆ 8, ಅಲವಿಗಳಿಗೆ 2. ಈ ಹಂಚಿಕೆ ಇಂದಿನ ಜನಸಂಖ್ಯೆಗೆ ಹೊಂದುತ್ತದೆಯೇ ಎಂದು ಕೇಳಿದರೆ ಅಧಿಕೃತವಾಗಿ ಉತ್ತರವಿಲ್ಲ, ಏಕೆಂದರೆ ಆ ದೇಶದಲ್ಲಿ ಕೊನೆಯ ಜನಗಣತಿ ನಡೆದದ್ದು 1932ರಲ್ಲಿ. ಮತ್ತೆ ತಲೆಯೆಣಿಸಿದರೆ ಯಾರ ಪಾಲು ಕರಗುತ್ತದೋ ಎಂಬ ಭಯದಿಂದ ಯಾವ ಸರ್ಕಾರವೂ ಆ ಗೋಜಿಗೆ ಹೋಗಿಲ್ಲ.

ಈಗ 2022ಕ್ಕೆ ಬರೋಣ. ಆ ಚುನಾವಣೆಯಲ್ಲಿ ಶಿಯಾಗಳಿಗೆ ಮೀಸಲಾದ 27 ಸ್ಥಾನಗಳೂ ಬೆರ್ರಿ ಮುನ್ನಡೆಸುವ ಶಿಯಾ ಪಕ್ಷ ಅಮಲ್ ಚಳವಳಿ, ಇರಾನಿನ ಬೆಂಬಲವಿರುವ ಸಶಸ್ತ್ರ ಶಿಯಾ ಪಕ್ಷ ಹಿಜ್ಬುಲ್ಲಾ ಮತ್ತು ಅವರ ಮಿತ್ರರ ಪಾಲಾದವು. ಸಭಾಧ್ಯಕ್ಷರು ಶಿಯಾ ಆಗಿರಲೇಬೇಕು. ಸದನದಲ್ಲಿರುವ ಶಿಯಾಗಳೆಲ್ಲರೂ ಒಂದೇ ಪಾಳಯದವರು. ಆ ಪಾಳಯದ ಒಪ್ಪಿತ ಅಭ್ಯರ್ಥಿ ಬೆರ್ರಿ ಒಬ್ಬರೇ. ಹೀಗಾಗಿ ವಿರೋಧಿಗಳು ಖಾಲಿ ಚೀಟಿ ಹಾಕಬಹುದಿತ್ತೇ ಹೊರತು ಬೇರೆ ಹೆಸರು ಬರೆಯಲು ಸಾಧ್ಯವಿರಲಿಲ್ಲ. 2005ರಲ್ಲಿ ಮತ್ತು 2009ರಲ್ಲಿ ಸಿರಿಯಾ ವಿರೋಧಿ ಮೈತ್ರಿಕೂಟವು ಸದನದಲ್ಲಿ ಸ್ಪಷ್ಟ ಬಹುಮತ ಪಡೆದಿದ್ದಾಗಲೂ ತನ್ನ ಎದುರಾಳಿಯಾದ ಬೆರ್ರಿಯವರನ್ನೇ ಆರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಚುನಾವಣೆಯಲ್ಲಿ ಸೋತ ಪಾಳಯದ ನಾಯಕ ಗೆದ್ದವರ ಮತಗಳಿಂದ ಸಭಾಧ್ಯಕ್ಷನಾಗುವುದು ಹೊರಗಿನವರಿಗೆ ವಿಚಿತ್ರವಾಗಿ ಕಂಡರೂ ಅಲ್ಲಿನ ತರ್ಕಕ್ಕೆ ಅದು ಪೂರಾ ಹೊಂದುತ್ತದೆ.

ಇಂಥ ಸ್ಥಾನಕ್ಕೆ ಬಂದು ಸೇರಿದ ವ್ಯಕ್ತಿ ಹುಟ್ಟಿದ್ದು ಲೆಬನಾನಿನಲ್ಲಲ್ಲ. 1938ರ ಜನವರಿ 28ರಂದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಬೋ ಎಂಬ ಪಟ್ಟಣದಲ್ಲಿ, ವ್ಯಾಪಾರಕ್ಕೆಂದು ವಲಸೆ ಹೋಗಿದ್ದ ಶಿಯಾ ಕುಟುಂಬವೊಂದರಲ್ಲಿ ಬೆರ್ರಿ ಹುಟ್ಟಿದರು. ಅವರ ಮನೆತನದ ಊರು ದಕ್ಷಿಣ ಲೆಬನಾನಿನ ತಿಬ್ನೀನ್. ಶಿಲುಬೆ ಯುದ್ಧಗಳ ಕಾಲದ ಕೋಟೆಯೊಂದರ ಅಡಿಯಲ್ಲಿ ಹರಡಿಕೊಂಡಿರುವ ಬೆಟ್ಟದೂರು. ಹೊಗೆಸೊಪ್ಪು ಬೆಳೆದು ಬದುಕುತ್ತಿದ್ದ ಆ ಸೀಮೆಯ ಶಿಯಾಗಳು ಅಂದಿನ ಲೆಬನಾನಿನಲ್ಲಿ ಎಲ್ಲರಿಗಿಂತ ಹಿಂದುಳಿದವರಾಗಿದ್ದರು. ರಸ್ತೆ, ಶಾಲೆ, ಆಸ್ಪತ್ರೆ ಯಾವುದೂ ಅವರ ಪಾಲಿಗೆ ಸರಿಯಾಗಿ ಬಂದಿರಲಿಲ್ಲ. ಸಂಸತ್ತಿನಲ್ಲಿ ಅವರ ಪರವಾಗಿ ಕುಳಿತಿದ್ದವರು ಅಸಾದ್, ಉಸೈರಾನ್‌ನಂತಹ ಕೆಲವೇ ಜಮೀನುದಾರಿ ಮನೆತನದವರು. ಚುರುಕಾದವರು ಆಫ್ರಿಕಾಕ್ಕೆ ಹೋಗಿ ದುಡಿದು, ಮಕ್ಕಳನ್ನು ಓದಲು ಊರಿಗೆ ಕಳಿಸುತ್ತಿದ್ದರು. ಬೆರ್ರಿ ಹಾಗೆ ಓದಲು ಬಂದ ಪೀಳಿಗೆಯವರು. 1963ರಲ್ಲಿ ಲೆಬನಾನ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಅಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷರೂ ಆಗಿದ್ದರು. ಬಳಿಕ ಪ್ಯಾರಿಸ್ಸಿನಲ್ಲಿ ಓದು, ಬೈರೂತಿನಲ್ಲಿ ವಕೀಲಿ, ಕೆಲಕಾಲ ಅಮೆರಿಕದ ವಾಸ. ಇಂದಿಗೂ ಲೆಬನಾನಿನ ಪತ್ರಿಕೆಗಳು ಅವರನ್ನು ಉಸ್ತಾದ್ ಎಂದು ಕರೆಯುವುದು ಈ ವಕೀಲಿಯ ನೆನಪಿನಿಂದ.

ಆ ಜಮೀನುದಾರಿ ಮನೆತನಗಳ ಹಿಡಿತವನ್ನು ಅಲುಗಿಸಿದವರು ಇರಾನಿನ ಕೋಮ್ ನಗರದಲ್ಲಿ ಹುಟ್ಟಿ 1959ರಲ್ಲಿ ಲೆಬನಾನಿನ ಟೈರ್ ಪಟ್ಟಣಕ್ಕೆ ಬಂದು ನೆಲೆಸಿದ ಧರ್ಮಗುರು ಮೂಸಾ ಸದ್ರ್. 1974ರಲ್ಲಿ ಅವರು ವಂಚಿತರ ಚಳವಳಿಯೆಂಬ ಸಂಘಟನೆಯನ್ನು ಕಟ್ಟಿ ಬಾಲ್‌ಬೆಕ್ ಮತ್ತು ಟೈರ್‌ನಲ್ಲಿ ಭಾರಿ ಸಭೆಗಳನ್ನು ನಡೆಸಿದರು. ಮರುವರ್ಷ ಅಂತರ್ಯುದ್ಧ ಹೊತ್ತಿಕೊಂಡಾಗ ಆ ಚಳವಳಿಯ ಸಶಸ್ತ್ರ ವಿಭಾಗವಾಗಿ ಅಮಲ್ ಹೊರಬಿತ್ತು. 1978ರ ಆಗಸ್ಟ್ ಕೊನೆಯಲ್ಲಿ ಲಿಬಿಯಾಕ್ಕೆ ಹೋದ ಸದ್ರ್ ಅಲ್ಲಿಂದ ಮರಳಲೇ ಇಲ್ಲ. ಅವರು ಕಣ್ಮರೆಯಾದ ದಿನವೆಂದು ಆಗಸ್ಟ್ 31ನ್ನು ಅಮಲ್ ಪ್ರತಿವರ್ಷ ಆಚರಿಸುತ್ತದೆ, ಬೆರ್ರಿಯವರ ವರ್ಷದ ಮುಖ್ಯ ಭಾಷಣ ಇರುವುದೂ ಅಂದೇ. ಸದ್ರ್ ನಂತರ ಎರಡು ವರ್ಷ ಹುಸೇನ್ ಅಲ್ ಹುಸೇನಿ ಅಮಲ್‌ನ ಮುಖ್ಯಸ್ಥರಾಗಿದ್ದರು. 1980ರಲ್ಲಿ ಆ ಸ್ಥಾನ ಬೆರ್ರಿಯವರಿಗೆ ಬಂತು. ಹನ್ನೆರಡು ವರ್ಷಗಳ ಬಳಿಕ ಸಭಾಧ್ಯಕ್ಷ ಸ್ಥಾನದಲ್ಲೂ ಇದೇ ಹುಸೇನಿಯವರ ಜಾಗಕ್ಕೆ ಬಂದವರು ಬೆರ್ರಿಯವರೇ.

1980ರ ದಶಕದ ಬೆರ್ರಿಯವರನ್ನು ಸಂಸದೀಯ ಪಟು ಎಂದು ಕರೆಯುವಂತಿಲ್ಲ. ಅವರು ಸೇನಾಪಡೆಯೊಂದರ ನಾಯಕ. 1982ರಲ್ಲಿ ಇಸ್ರೇಲ್ ಬೈರೂತಿನವರೆಗೆ ನುಗ್ಗಿ ಬಂದಾಗ ಅಂದಿನ ರಾಷ್ಟ್ರಾಧ್ಯಕ್ಷ ಇಲ್ಯಾಸ್ ಸರ್ಕೀಸ್ ಕರೆದ ರಾಷ್ಟ್ರ ರಕ್ಷಣಾ ಸಮಿತಿಯಲ್ಲಿ ಬೆರ್ರಿ ಕುಳಿತರು. ಅದನ್ನು ಒಪ್ಪದೆ ಹುಸೇನ್ ಮೂಸವಿ ಎಂಬ ನಾಯಕ ಅಮಲ್‌ನಿಂದ ಸಿಡಿದು ಹೋದರು; ಹಾಗೆ ಹೊರಹೋದವರೂ ಇರಾನಿನ ನೆರವೂ ಸೇರಿ ಮುಂದೆ ಹಿಜ್ಬುಲ್ಲಾ ರೂಪುಗೊಂಡಿತು. 1984ರ ಫೆಬ್ರವರಿ 6ರಂದು ಅಮಲ್ ಮತ್ತು ವಲೀದ್ ಜುಂಬ್ಲಾತ್ ಅವರ ಡ್ರೂಜ್ ಪಡೆ ಪಶ್ಚಿಮ ಬೈರೂತನ್ನು ವಶಪಡಿಸಿಕೊಂಡವು, ಸೇನೆಯ ಆರನೆಯ ಬ್ರಿಗೇಡಿನ ಶಿಯಾ ಸೈನಿಕರು ಸರ್ಕಾರದ ಆಜ್ಞೆಯನ್ನು ಪಾಲಿಸಲಿಲ್ಲ, ಮತ್ತು ತಿಂಗಳೊಳಗೆ ಇಸ್ರೇಲಿನೊಂದಿಗಿನ 1983ರ ಮೇ 17ರ ಒಪ್ಪಂದವನ್ನು ಲೆಬನಾನ್ ರದ್ದುಗೊಳಿಸಿತು. ಅದೇ ವರ್ಷ ರಶೀದ್ ಕರಾಮಿಯವರ ಸಂಪುಟದಲ್ಲಿ ಬೆರ್ರಿ ಮೊದಲ ಬಾರಿ ಮಂತ್ರಿಯಾದರು.

ಹೊರಜಗತ್ತು ಅವರ ಮುಖವನ್ನು ಗುರುತಿಸಿದ್ದು 1985ರ ಜೂನ್‌ನಲ್ಲಿ. ಅಥೆನ್ಸ್‌ನಿಂದ ಹೊರಟ ಅಮೆರಿಕದ ಟಿಡಬ್ಲ್ಯುಎ ವಿಮಾನವೊಂದನ್ನು ಅಪಹರಿಸಿ ಬೈರೂತಿಗೆ ತಂದ ಶಿಯಾ ಉಗ್ರರು ಒಬ್ಬ ಅಮೆರಿಕನ್ ನೌಕಾಪಡೆಯ ಯುವಕನನ್ನು ಕೊಂದರು. ಉಳಿದ ಒತ್ತೆಯಾಳುಗಳನ್ನು ತನ್ನ ಸುಪರ್ದಿಗೆ ಪಡೆದು, ಅಪಹರಣಕಾರರ ಬೇಡಿಕೆಗಳನ್ನು ಮುಂದಿಡುತ್ತಲೇ ಬಿಡುಗಡೆಯ ಮಾತುಕತೆ ನಡೆಸಿದವರು ಬೆರ್ರಿ. ಜೂನ್ 30ರಂದು ಅವರೆಲ್ಲ ಬಿಡುಗಡೆಯಾದರು. ತನ್ನ ಕಡೆಯ ಕಟ್ಟರ್ ಗುಂಪಿನ ವಕೀಲನೂ ತಾನೇ, ಎದುರು ಪಕ್ಷದೊಡನೆ ಮಧ್ಯಸ್ಥನೂ ತಾನೇ ಆಗುವ ಈ ರೀತಿ ಮುಂದೆ ಅವರ ಕಸುಬೇ ಆಯಿತು. ಅದೇ ಕಾಲದ ಇನ್ನೊಂದು ಮುಖವನ್ನೂ ಹೇಳಬೇಕು. 1985ರಿಂದ 1988ರವರೆಗೆ ಅಮಲ್ ಪಡೆಗಳು ಶತೀಲಾ, ಬುರ್ಜ್ ಅಲ್ ಬರಾಜ್ನೆಯಂತಹ ಪ್ಯಾಲೆಸ್ಟೀನ್ ನಿರಾಶ್ರಿತರ ಶಿಬಿರಗಳನ್ನು ಮುತ್ತಿ, ಅಲ್ಲಿನ ಜನ ಹಸಿವಿನಿಂದ ಕಂಗೆಡುವಂತೆ ಮಾಡಿದವು. ಅದು ಮುಗಿಯುವ ಹೊತ್ತಿಗೆ ಅಮಲ್ ಮತ್ತು ಹಿಜ್ಬುಲ್ಲಾ ಪರಸ್ಪರ ಬಂದೂಕು ಎತ್ತಿಕೊಂಡವು. ದಕ್ಷಿಣದ ಹಳ್ಳಿಗಳಲ್ಲಿ ಒಂದೇ ಮನೆಯವರು ಎರಡು ಪಾಳಯಗಳಾಗಿ ಕಾದಾಡಿದ ಆ ಯುದ್ಧ 1990ರಲ್ಲಿ ಸಿರಿಯಾ ಮತ್ತು ಇರಾನಿನ ಒತ್ತಡದಿಂದ ನಿಂತಿತು. ಇಂದು ಶಿಯಾ ಜೋಡಿ ಎಂದು ಒಂದೇ ಉಸಿರಿನಲ್ಲಿ ಕರೆಯುವ ಈ ಎರಡು ಪಕ್ಷಗಳ ನಡುವೆ ಅಷ್ಟೊಂದು ರಕ್ತ ಹರಿದಿತ್ತು ಎಂಬುದನ್ನು ಹೊಸಬರು ಸುಲಭವಾಗಿ ಮರೆಯುತ್ತಾರೆ.

1989ರಲ್ಲಿ ಸೌದಿ ಅರೇಬಿಯಾದ ತಾಯಿಫ್ ನಗರದಲ್ಲಿ ಆದ ಒಪ್ಪಂದ ಅಂತರ್ಯುದ್ಧಕ್ಕೆ ಕೊನೆ ಹಾಡಿತು. ಅದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಾರೊನೈಟ್ ರಾಷ್ಟ್ರಾಧ್ಯಕ್ಷರ ಅಧಿಕಾರ ಮೊಟಕಾಗಿ ಮಂತ್ರಿಮಂಡಲಕ್ಕೆ ಹೋಯಿತೆಂದು ಹೇಳಿ ನಿಲ್ಲುತ್ತಾರೆ. ಸಭಾಧ್ಯಕ್ಷರಿಗೆ ದಕ್ಕಿದ್ದು ಅದಕ್ಕಿಂತ ಕಡಿಮೆಯೇನಲ್ಲ. ಮೊದಲು ಅವರ ಅವಧಿ ಒಂದೇ ವರ್ಷವಿತ್ತು. ಪ್ರತಿ ಅಕ್ಟೋಬರಿನಲ್ಲಿ ಸದನದ ಎದುರು ಕೈಚಾಚಬೇಕಿತ್ತು. ತಾಯಿಫ್ ಅದನ್ನು ಸಂಸತ್ತಿನ ಪೂರ್ಣ ಅವಧಿಗೆ, ಅಂದರೆ ನಾಲ್ಕು ವರ್ಷಗಳಿಗೆ ಏರಿಸಿತು. ಸಂವಿಧಾನದ 44ನೆಯ ವಿಧಿಯಂತೆ ಸಭಾಧ್ಯಕ್ಷರ ಮೇಲಿನ ವಿಶ್ವಾಸವನ್ನು ಹಿಂತೆಗೆದುಕೊಳ್ಳಲು ಸದನಕ್ಕೆ ಒಂದೇ ಒಂದು ಅವಕಾಶವಿದೆ, ಅದೂ ಆಯ್ಕೆಯಾಗಿ ಎರಡು ವರ್ಷ ಕಳೆದ ಮೇಲೆ, ಅದಕ್ಕೂ ಮೂರನೇ ಎರಡರಷ್ಟು ಮತ ಬೇಕು. ಜೊತೆಗೆ ಪ್ರಧಾನಿಯ ನೇಮಕಕ್ಕೆ ಮುನ್ನ ರಾಷ್ಟ್ರಾಧ್ಯಕ್ಷರು ಸಭಾಧ್ಯಕ್ಷರೊಡನೆ ಸಮಾಲೋಚಿಸಬೇಕು. ಹೀಗೆ ಗಟ್ಟಿಯಾದ ಕುರ್ಚಿಯ ಬಳಿಗೆ ಬೆರ್ರಿ ಬಂದದ್ದು ಸರಿಯಾದ ಮುಹೂರ್ತದಲ್ಲಿ. 1991ರ ಕ್ಷಮಾದಾನ ಕಾನೂನು ಯುದ್ಧಕಾಲದ ಬಹುಪಾಲು ಅಪರಾಧಗಳ ಮೇಲೆ ತೆರೆ ಎಳೆಯಿತು; ಅದೇ ವರ್ಷ ಸಂಸತ್ತಿನ ಖಾಲಿ ಸ್ಥಾನಗಳಿಗೆ ಸರ್ಕಾರ ನೇರವಾಗಿ ನೇಮಿಸಿದ ಸದಸ್ಯರಲ್ಲಿ ಬೆರ್ರಿ ಒಬ್ಬರು. ಅವರ ಸಂಸದ ಬದುಕು ಆರಂಭವಾದದ್ದು ಮತದಿಂದಲ್ಲ, ನೇಮಕದಿಂದ. 1992ರ ಚುನಾವಣೆಯನ್ನು ಬಹಳಷ್ಟು ಕ್ರೈಸ್ತ ಪಕ್ಷಗಳು ಬಹಿಷ್ಕರಿಸಿದವು. ದಕ್ಷಿಣದ ಎರಡು ಪ್ರಾಂತಗಳನ್ನು ಒಂದೇ ಕ್ಷೇತ್ರವಾಗಿ ಬೆಸೆದಿದ್ದ ಕಡೆ ಬೆರ್ರಿಯವರ ಪಟ್ಟಿ, ಲೆಬನಾನಿನವರ ಮಾತಿನಲ್ಲಿ ಹೇಳುವುದಾದರೆ, ರೋಡ್ ರೋಲರಿನಂತೆ ಎದುರಾದವರನ್ನು ಸಮತಟ್ಟು ಮಾಡಿತು. ಅಂದಿನಿಂದ ಅವರು ಜಹ್ರಾನಿ ಭಾಗದ ಪ್ರತಿನಿಧಿ.

ಮುಂದಿನ ಹದಿಮೂರು ವರ್ಷ ಲೆಬನಾನಿನ ಕೊನೆಯ ಮಾತು ಡಮಾಸ್ಕಸ್ಸಿನದು. ಸಿರಿಯಾದ ಸೇನೆ ದೇಶದೊಳಗಿತ್ತು. ರಾಷ್ಟ್ರಾಧ್ಯಕ್ಷ ಇಲ್ಯಾಸ್ ಹರಾವಿ, ಪ್ರಧಾನಿ ರಫೀಕ್ ಹರೀರಿ ಮತ್ತು ಸಭಾಧ್ಯಕ್ಷ ಬೆರ್ರಿ ಎಂಬ ಮೂವರು ನೇಮಕ, ಗುತ್ತಿಗೆ, ಅನುದಾನಗಳನ್ನು ತಮ್ಮೊಳಗೆ ಹಂಚಿಕೊಂಡು, ಹೊಂದದಿದ್ದಾಗ ತೀರ್ಪಿಗೆ ಸಿರಿಯಾಕ್ಕೆ ಹೋಗುತ್ತಿದ್ದರು. ಮರುನಿರ್ಮಾಣದ ಹಣ ಹರೀರಿಯವರ ಪ್ರಭಾವದ ಮಂಡಳಿಗೆ, ಯುದ್ಧದಿಂದ ಊರು ಬಿಟ್ಟವರ ನಿಧಿ ಜುಂಬ್ಲಾತ್ ಅವರ ಕಡೆಗೆ, ದಕ್ಷಿಣದ ಮಂಡಳಿ ಬೆರ್ರಿಯವರ ಕಡೆಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಹಂಚಿಕೆ. ಇಸ್ರೇಲಿ ದಾಳಿಗೆ ತುತ್ತಾದ ಹಳ್ಳಿಗಳ ನೆರವಿಗೆಂದು 1970ರಲ್ಲಿ ಹುಟ್ಟಿದ ಆ ದಕ್ಷಿಣ ಮಂಡಳಿಯ ಮೂಲಕ ರಸ್ತೆ, ಶಾಲೆ, ಪರಿಹಾರ, ನೌಕರಿ ಹರಿದವು. ಇದನ್ನು ಬರೀ ಭ್ರಷ್ಟಾಚಾರವೆಂದು ಬರೆದು ಮುಗಿಸುವವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅಜ್ಜನ ಕಾಲದಲ್ಲಿ ರಾಜ್ಯವೇ ಕಾಣದಿದ್ದ ಹಳ್ಳಿಗೆ ರಸ್ತೆ ಬಂದಾಗ, ಅದು ಹಕ್ಕಾಗಿ ಬಂತೋ ನಾಯಕನ ಕೃಪೆಯಾಗಿ ಬಂತೋ ಎಂದು ಕೇಳುವ ವ್ಯವಧಾನ ಹಳ್ಳಿಗನಿಗೆ ಇರುವುದಿಲ್ಲ. ಆದರೆ ಕೃಪೆಯಾಗಿ ಬಂದದ್ದು ಪ್ರತಿ ಚುನಾವಣೆಯಲ್ಲೂ ಮತದ ರೂಪದಲ್ಲಿ ಹಿಂದಿರುಗಬೇಕಾಗುತ್ತದೆ. ವಂಚಿತರ ಹೆಸರಿನಲ್ಲಿ ಹಳೆಯ ಜಮೀನುದಾರರನ್ನು ಕೆಳಗಿಳಿಸಿದ ಚಳವಳಿ ತಾನೇ ಹೊಸ ಯಜಮಾನಿಕೆಯಾದ ಬಗೆ ಇದು.

ಸಭಾಧ್ಯಕ್ಷರ ನಿಜವಾದ ಶಕ್ತಿ ಎಲ್ಲಿದೆ ಎಂಬುದು ತಿಳಿದದ್ದು ಸಿರಿಯಾ ಹೊರಟ ಮೇಲೆ. ನಮ್ಮ ದೇಶದಲ್ಲಿ ಸಂಸತ್ತಿನ ಅಧಿವೇಶನವನ್ನು ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ಕರೆಯುತ್ತಾರೆ. ಸ್ಪೀಕರ್ ಅದನ್ನು ನಡೆಸಿಕೊಡುತ್ತಾರೆ. ಲೆಬನಾನಿನಲ್ಲಿ ವರ್ಷದ ಎರಡು ನಿಯತ ಅಧಿವೇಶನಗಳ ಅವಧಿಯನ್ನು ಸಂವಿಧಾನವೇ ಗೊತ್ತು ಮಾಡಿದೆ, ಒಂದು ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ, ಇನ್ನೊಂದು ಅಕ್ಟೋಬರ್ ನಡುವಿನಿಂದ ವರ್ಷಾಂತ್ಯದವರೆಗೆ. ಆದರೆ ಆ ಅವಧಿಯೊಳಗೆ ಸದನ ಯಾವ ದಿನ ಸೇರಬೇಕು, ಯಾವ ವಿಷಯವನ್ನು ಎತ್ತಿಕೊಳ್ಳಬೇಕು ಎಂಬುದು ಸಭಾಧ್ಯಕ್ಷರ ಮತ್ತು ಅವರ ಸಮಿತಿಯ ಕೈಯಲ್ಲಿದೆ. ಅವರು ಕರೆಯದಿದ್ದರೆ ಬಹುಮತವಿದ್ದವರಿಗೂ ಸದನವಿಲ್ಲ.

2005ರ ಫೆಬ್ರವರಿ 14ರಂದು ರಫೀಕ್ ಹರೀರಿಯವರ ಹತ್ಯೆಯಾಯಿತು. ಜನ ಬೀದಿಗಿಳಿದರು, ಏಪ್ರಿಲ್ ಕೊನೆಗೆ ಸಿರಿಯಾದ ಸೇನೆ ತೆರಳಿತು, ಫುವಾದ್ ಸಿನಿಯೋರಾ ನೇತೃತ್ವದಲ್ಲಿ ಹೊಸ ಬಹುಮತದ ಸರ್ಕಾರ ಬಂತು. ಹತ್ಯೆಯ ವಿಚಾರಣೆಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಬೇಕೆಂಬ ಪ್ರಶ್ನೆ ಬಂದಾಗ, 2006ರ ನವೆಂಬರಿನಲ್ಲಿ ಸಂಪುಟದ ಐವರು ಶಿಯಾ ಮಂತ್ರಿಗಳೂ ರಾಜೀನಾಮೆ ಕೊಟ್ಟು ಹೊರಬಂದರು. ಸಹಬಾಳ್ವೆಯ ಒಪ್ಪಂದಕ್ಕೆ ವಿರುದ್ಧವಾದ ಯಾವ ಅಧಿಕಾರಕ್ಕೂ ಮಾನ್ಯತೆಯಿಲ್ಲ ಎಂಬ ವಾಕ್ಯ ಸಂವಿಧಾನದ ಪೀಠಿಕೆಯಲ್ಲಿದೆ. ಒಬ್ಬನೂ ಶಿಯಾ ಮಂತ್ರಿಯಿಲ್ಲದ ಸಂಪುಟ ಆ ವಾಕ್ಯದಂತೆ ಅಮಾನ್ಯ ಎಂದು ಬೆರ್ರಿ ಸಾರಿದರು, ಅಮಾನ್ಯ ಸಂಪುಟದಿಂದ ಬರುವ ಮಸೂದೆಗಳನ್ನು ಸ್ವೀಕರಿಸಲಿಲ್ಲ, ಸದನವನ್ನೂ ಕರೆಯಲಿಲ್ಲ. ನ್ಯಾಯಮಂಡಳಿಗೆ ಸಂಸತ್ತಿನ ಒಪ್ಪಿಗೆ ಪಡೆಯುವ ದಾರಿ ಹೀಗೆ ಮುಚ್ಚಿದ ಮೇಲೆ, ಬಹುಮತದ ಸದಸ್ಯರು ವಿಶ್ವಸಂಸ್ಥೆಗೆ ಮನವಿ ಬರೆದರು, ಮತ್ತು 2007ರ ಮೇ 30ರಂದು ಭದ್ರತಾ ಮಂಡಳಿ ತನ್ನ 1757ನೆಯ ನಿರ್ಣಯದ ಮೂಲಕ ಲೆಬನಾನ್ ಸಂಸತ್ತನ್ನು ಬದಿಗಿಟ್ಟು ಆ ನ್ಯಾಯಮಂಡಳಿಯನ್ನು ಜಾರಿಗೆ ತಂದಿತು. ಸ್ವಂತ ದೇಶದ ಸದನದ ಬಾಗಿಲು ತೆರೆಯದೆ ಸಂಸದರು ನ್ಯೂಯಾರ್ಕಿನ ಕದ ತಟ್ಟಬೇಕಾಯಿತು.

ಅದೇ ವರ್ಷ ನವೆಂಬರಿನಲ್ಲಿ ರಾಷ್ಟ್ರಾಧ್ಯಕ್ಷ ಎಮೀಲ್ ಲಹೂದ್ ಅವರ ಅವಧಿ ಮುಗಿಯಿತು. ಹೊಸ ಅಧ್ಯಕ್ಷರನ್ನು ಆರಿಸಬೇಕಾದದ್ದು ಸಂಸತ್ತು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 49ನೆಯ ವಿಧಿಯ ಪ್ರಕಾರ ಮೊದಲ ಸುತ್ತಿನಲ್ಲಿ ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು, ಮುಂದಿನ ಸುತ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಕು; ಆದರೆ ಸಭೆ ನಡೆಯಲು ಎಷ್ಟು ಜನ ಹಾಜರಿರಬೇಕು ಎಂಬುದನ್ನು ಆ ವಿಧಿ ಬಿಡಿಸಿ ಹೇಳಿಲ್ಲ. ಮೂರನೇ ಎರಡರಷ್ಟು, ಅಂದರೆ 86 ಸದಸ್ಯರು ಹಾಜರಿರಲೇಬೇಕು ಎಂಬುದು ಬೆರ್ರಿಯವರ ನಿಲುವು. ಈ ಅರ್ಥವನ್ನು ಒಪ್ಪಿದರೆ 43 ಮಂದಿ ಮನೆಯಲ್ಲಿ ಉಳಿದರೂ ದೇಶಕ್ಕೆ ಅಧ್ಯಕ್ಷನಿಲ್ಲ. ಬಹುಮತದವರು ಅರ್ಧದ ಮೇಲೊಬ್ಬರಿದ್ದರೆ ಸಾಕೆಂದು ವಾದಿಸಿದರು, ಆದರೆ ಸಭೆ ಕರೆಯುವವರು ಅವರಾಗಿರಲಿಲ್ಲ. ಆ ಪಾಳಯದ ಸಂಸದರು ಒಬ್ಬರಾದ ಮೇಲೊಬ್ಬರಂತೆ ಬಾಂಬಿಗೆ, ಗುಂಡಿಗೆ ಬಲಿಯಾಗುತ್ತಿದ್ದ ಕಾಲವದು. ಜೀವಭಯದಿಂದ ಹಲವರು ಸಂಸತ್ ಭವನಕ್ಕೆ ಹತ್ತಿರದ ಫಿನೀಶಿಯಾ ಹೋಟೆಲಿನಲ್ಲಿ ಕಾವಲಿನೊಳಗೆ ಉಳಿದಿದ್ದರು. ಸಭೆಯ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2008ರ ಮೇ 7ರಂದು ಹಿಜ್ಬುಲ್ಲಾ ಮತ್ತು ಅಮಲ್ ಹೋರಾಟಗಾರರು ಬಂದೂಕಿನೊಂದಿಗೆ ಪಶ್ಚಿಮ ಬೈರೂತಿಗೆ ಇಳಿದರು. ನಾಯಕರೆಲ್ಲ ಕತಾರಿನ ದೋಹಾಕ್ಕೆ ಹೋಗಿ ಒಪ್ಪಂದಕ್ಕೆ ಬಂದರು. ಮೇ 25ರಂದು ಸದನ ತೆರೆಯಿತು, ಸೇನಾ ದಂಡನಾಯಕ ಮಿಶೆಲ್ ಸುಲೈಮಾನ್ 118 ಮತಗಳಿಂದ ಅಧ್ಯಕ್ಷರಾದರು. ಒಂದೂವರೆ ವರ್ಷ ಸಂಸತ್ತು ಸೇರದ ಅವಧಿಯಲ್ಲಿ ಯಾವ ಕಾನೂನಿನ ಅಕ್ಷರವನ್ನೂ ಸ್ಪಷ್ಟವಾಗಿ ಮುರಿದಿರಲಿಲ್ಲ ಎಂಬುದೇ ಈ ಪ್ರಸಂಗದ ಜಾಣತನವೂ ಹೌದು, ಕೇಡೂ ಹೌದು.

ಎಲ್ಲ ಬಿಕ್ಕಟ್ಟನ್ನೂ ಅವರ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ. 2014ರ ಮೇ ತಿಂಗಳಿನಿಂದ 2016ರ ಅಕ್ಟೋಬರಿನವರೆಗೆ ಅಧ್ಯಕ್ಷ ಸ್ಥಾನ ಖಾಲಿಯಿದ್ದಾಗ ಬೆರ್ರಿ ನಲವತ್ತಕ್ಕೂ ಹೆಚ್ಚು ಬಾರಿ ಸಭೆ ಕರೆದರು, ಅವರ ಪಕ್ಷದವರು ಹಾಜರೂ ಆದರು. ಕೋರಂ ಮುರಿದವರು ಅವರ ಮಿತ್ರರಾದ ಹಿಜ್ಬುಲ್ಲಾ ಮತ್ತು ಮಾರೊನೈಟ್ ನಾಯಕ ಮಿಶೆಲ್ ಔನ್ ಬಣದವರು. ಕೊನೆಗೆ ಔನ್ ಗೆದ್ದಾಗಲೂ ಬೆರ್ರಿ ಅವರಿಗೆ ಮತ ಹಾಕಲಿಲ್ಲ. ಶಿಯಾ ಜೋಡಿ ಎಂಬ ಮಾತಿನೊಳಗೆ ಇಂಥ ಬಿರುಕುಗಳಿರುತ್ತವೆ.

ಸದನದೊಳಗಿನ ಅವರ ರೀತಿಯೂ ಅಷ್ಟೇ ಪ್ರಸಿದ್ಧ. ಕೈ ಎತ್ತಿದವರನ್ನು ಒಂದು ನೋಟದಲ್ಲಿ ಅಳೆದು, ಎಣಿಕೆಗೆ ಕಾಯದೆ ಅಂಗೀಕಾರವಾಯಿತೆಂದು ಸಾರಿ ಸುತ್ತಿಗೆ ಕುಟ್ಟಿಬಿಡುವುದು; ಬಿಸಿಯೇರಿದಾಗ ಒಂದು ಚಟಾಕಿ ಹಾರಿಸುವುದು; ಎಲ್ಲರೂ ಕೈಚೆಲ್ಲಿದಾಗ ಯಾರೂ ಎಣಿಸದ ಸೂತ್ರವೊಂದನ್ನು ಮುಂದಿಡುವುದು. ಇಂಥ ಸೂತ್ರಗಳನ್ನು ಅಲ್ಲಿನ ಪತ್ರಕರ್ತರು ಬೆರ್ರಿಯವರ ಮೊಲಗಳು ಎನ್ನುತ್ತಾರೆ, ಜಾದೂಗಾರನ ತೋಳಿನಿಂದ ಹೊರಬರುವ ಮೊಲಗಳು. ವಿರೋಧಿಗಳೂ ಐನ್ ಅಲ್ ತೀನಾದ ಅವರ ಅಧಿಕೃತ ನಿವಾಸದ ಮೆಟ್ಟಿಲು ಹತ್ತುವುದು ಇಂಥದೊಂದನ್ನು ನಿರೀಕ್ಷಿಸಿಯೇ.

2019ರ ಅಕ್ಟೋಬರ್ 17ರಂದು ಬೀದಿಗಿಳಿದ ಜನರಿಗೆ ಆ ಮೊಲಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. ಎಲ್ಲರೂ ಎಂದರೆ ಎಲ್ಲರೂ ತೊಲಗಲಿ ಎಂಬ ಕೂಗು ಬೈರೂತಿನಲ್ಲಷ್ಟೇ ಅಲ್ಲ, ಬೆರ್ರಿಯವರ ನೆಲವಾದ ಟೈರ್ ಮತ್ತು ನಬತಿಯಾದಲ್ಲೂ ಎದ್ದಿತು, ಅಲ್ಲಿ ಅಮಲ್ ಬೆಂಬಲಿಗರು ಪ್ರತಿಭಟನಾಕಾರರ ಮೇಲೆ ಬಿದ್ದರು. ಬ್ಯಾಂಕುಗಳು ಜನರ ಠೇವಣಿಯನ್ನು ಹಿಡಿದಿಟ್ಟುಕೊಂಡವು, 2020ರ ಮಾರ್ಚಿನಲ್ಲಿ ದೇಶ ಸಾಲದ ಕಂತು ತಪ್ಪಿಸಿತು, ದೇಶದ ನಾಣ್ಯವಾದ ಲಿರಾ ತನ್ನ ಬೆಲೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಕಳೆದುಕೊಂಡಿತು. ಇಂಥ ಹೊತ್ತಿನಲ್ಲಿ ಹಣ ಹೊರಹೋಗದಂತೆ ತಡೆಯುವ ಕಾನೂನು ಯಾವ ದೇಶದಲ್ಲಾದರೂ ವಾರದೊಳಗೆ ಬರಬೇಕು. ಲೆಬನಾನ್ ಸಂಸತ್ತು ಅದನ್ನು ವರ್ಷಗಟ್ಟಲೆ ಸಮಿತಿಯಿಂದ ಸಮಿತಿಗೆ ಅಲೆಸಿತು. 2020ರ ಆಗಸ್ಟ್ 4ರಂದು ಬಂದರಿನಲ್ಲಿ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ 200ಕ್ಕೂ ಹೆಚ್ಚು ಜನ ಸತ್ತರು. ತನಿಖಾ ನ್ಯಾಯಾಧೀಶ ತಾರಿಕ್ ಬಿತಾರ್ ಆರೋಪ ಹೊರಿಸಿದವರಲ್ಲಿ ಬೆರ್ರಿ ಬಣದ ಇಬ್ಬರು ಮಾಜಿ ಮಂತ್ರಿಗಳಾದ ಅಲಿ ಹಸನ್ ಖಲೀಲ್ ಮತ್ತು ಗಾಜಿ ಜುಐತರ್ ಇದ್ದರು. ಇಬ್ಬರೂ ಆರೋಪ ನಿರಾಕರಿಸಿದರು. ಮಂತ್ರಿಗಳ ವಿಚಾರಣೆಗೆ ಸಂಸತ್ತು ರಚಿಸುವ ವಿಶೇಷ ನ್ಯಾಯಮಂಡಳಿಯೇ ಬೇಕೆಂಬುದು ಅವರ ಪಕ್ಷದ ವಾದ. ಆ ಮಂಡಳಿ ಒಂದು ಪ್ರಕರಣವನ್ನೂ ಮುಗಿಸಿದ್ದಿಲ್ಲ ಎಂದು ಸತ್ತವರ ಮನೆಯವರು ಉತ್ತರಿಸಿದರು. 2022ರಲ್ಲಿ ಮರಳಿ ಗೆದ್ದ ಆ ಇಬ್ಬರೂ ಸಂಸತ್ತಿನ ಆಡಳಿತ ಮತ್ತು ನ್ಯಾಯ ಸಮಿತಿಗೆ ಆಯ್ಕೆಯಾದರು.

ಹಣಕಾಸು ಖಾತೆಯ ಕಥೆಯೂ ಇದೇ ಬಟ್ಟೆಯದು. ಬಹುತೇಕ ಆಜ್ಞೆಗಳಿಗೆ ಮಾರೊನೈಟ್ ಅಧ್ಯಕ್ಷರ ಮತ್ತು ಸುನ್ನಿ ಪ್ರಧಾನಿಯ ಸಹಿ ಬೇಕು; ಹಣಕಾಸು ಮಂತ್ರಿ ಶಿಯಾ ಆದರೆ ಮೂರನೆಯ ಸಹಿ ತಮ್ಮ ಸಮುದಾಯದ್ದಾಗುತ್ತದೆ, ಆದ್ದರಿಂದ ಆ ಖಾತೆ ತಮಗೇ ಸಲ್ಲಬೇಕು ಎಂಬುದು ಅಮಲ್ ಪಟ್ಟು. 2020ರಲ್ಲಿ ಪ್ರಧಾನಿಯಾಗಿ ನಿಯೋಜಿತರಾಗಿದ್ದ ಮುಸ್ತಫಾ ಅದೀಬ್ ಒಂದೇ ತಿಂಗಳಿಗೆ ಹಿಂದೆ ಸರಿಯುವಂತಾದದ್ದು ಮುಖ್ಯವಾಗಿ ಈ ಪಟ್ಟಿನಿಂದ.

ಇಷ್ಟಾದರೂ ಯುದ್ಧ ಬಂದಾಗ ಪರದೇಶದ ರಾಯಭಾರಿಗಳ ಕಾರು ನಿಲ್ಲುವುದು ಐನ್ ಅಲ್ ತೀನಾದಲ್ಲಿ. ಹಿಜ್ಬುಲ್ಲಾ ಜೊತೆ ಅಮೆರಿಕ ಮಾತಾಡುವುದಿಲ್ಲ, ಬೆರ್ರಿಯವರೊಡನೆ ಮಾತಾಡುತ್ತದೆ. ಇಸ್ರೇಲ್ ಮತ್ತು ಹಿಜ್ಬುಲ್ಲಾ ನಡುವಿನ 2006ರ ಯುದ್ಧದಲ್ಲಿ ಅವರೇ ಮಧ್ಯಸ್ಥರು. ಇಸ್ರೇಲಿನೊಂದಿಗೆ ಸಮುದ್ರದ ಗಡಿ ಮಾತುಕತೆಯ ಚೌಕಟ್ಟನ್ನು 2020ರ ಅಕ್ಟೋಬರ್ 1ರಂದು ಪ್ರಕಟಿಸಿದವರೂ ಅವರೇ. ಇಸ್ರೇಲಿನೊಂದಿಗಿನ ಮತ್ತೊಂದು ಯುದ್ಧದಲ್ಲಿ, 2024ರ ಸೆಪ್ಟೆಂಬರಿನಲ್ಲಿ ಹಿಜ್ಬುಲ್ಲಾ ಮುಖ್ಯಸ್ಥ ಹಸನ್ ನಸ್ರಲ್ಲಾ ಹತರಾದ ಬಳಿಕ, ಅದರ ಇನ್ನೊಬ್ಬ ನಾಯಕ ನಯೀಮ್ ಕಾಸಿಂ ಬೆರ್ರಿಯವರನ್ನು ಹಿರಿಯಣ್ಣ ಎಂದು ಕರೆದು ಕದನವಿರಾಮದ ಮಾತನ್ನು ಅವರಿಗೇ ಒಪ್ಪಿಸಿದರು. ಅಮೆರಿಕದ ದೂತ ಆಮೋಸ್ ಹಾಕ್‌ಸ್ಟೀನ್ ಬಂದು ಹೋಗಿ ಮಾಡಿದ ಮಾತುಕತೆಗಳ ಫಲವಾಗಿ ನವೆಂಬರ್ 27ರಂದು ವಿರಾಮ ಜಾರಿಗೆ ಬಂತು.

ಆ ಯುದ್ಧ ಹಿಜ್ಬುಲ್ಲಾವನ್ನು ಕುಗ್ಗಿಸಿತು, ಮತ್ತು ಅದರ ಪರಿಣಾಮ ಮೊದಲು ಕಂಡದ್ದು ಸದನದಲ್ಲಿ. 2022ರ ಅಕ್ಟೋಬರಿನಿಂದ ಅಧ್ಯಕ್ಷ ಸ್ಥಾನ ಮತ್ತೆ ಖಾಲಿಯಿತ್ತು. 2023ರ ಜೂನ್ 14ರ ಸಭೆಯಲ್ಲಿ ಎದುರು ಪಾಳಯದ ಅಭ್ಯರ್ಥಿ ಜಿಹಾದ್ ಅಜೂರ್ 59, ಶಿಯಾ ಜೋಡಿಯ ಅಭ್ಯರ್ಥಿ ಸುಲೈಮಾನ್ ಫ್ರಾಂಜಿಯೆ 51 ಮತ ಪಡೆದಾಗ, ಎರಡನೆಯ ಸುತ್ತಿಗೆ ಮುನ್ನ ಆ ಜೋಡಿಯ ಸದಸ್ಯರು ಎದ್ದು ಹೋಗಿ ಕೋರಂ ಮುರಿದಿದ್ದರು. ಅದಾದ ಮೇಲೆ ಒಂದೂವರೆ ವರ್ಷ ಬೆರ್ರಿ ಆ ಚುನಾವಣೆಗೆ ಸಭೆ ಕರೆದಿರಲಿಲ್ಲ. ಕದನವಿರಾಮದ ಮರುದಿನವೇ ಅವರು ದಿನಾಂಕ ಘೋಷಿಸಿದರು. 2025ರ ಜನವರಿ 9ರ ಮೊದಲ ಸುತ್ತಿನಲ್ಲಿ ಸೇನಾ ದಂಡನಾಯಕ ಜೋಸೆಫ್ ಔನ್ 71 ಮತ ಪಡೆದರು, ಬೇಕಿದ್ದದ್ದು 86. ಸಭೆಯನ್ನು ಸ್ವಲ್ಪ ಹೊತ್ತು ಮುಂದೂಡಲಾಯಿತು, ಆ ಹೊತ್ತಿನಲ್ಲಿ ಅಮಲ್ ಮತ್ತು ಹಿಜ್ಬುಲ್ಲಾ ಪ್ರತಿನಿಧಿಗಳು ಔನ್ ಅವರನ್ನು ಭೇಟಿಯಾದರು, ಎರಡನೆಯ ಸುತ್ತಿನಲ್ಲಿ 99 ಮತಗಳು ಬಿದ್ದವು. ಸೋಲುವ ಕಡೆಯಲ್ಲಿದ್ದರೂ ತಮ್ಮನ್ನು ಬಿಟ್ಟು ಅಧ್ಯಕ್ಷರಿಲ್ಲ ಎಂದು ಲೆಕ್ಕದಲ್ಲೇ ತೋರಿಸಿಕೊಟ್ಟ ಎರಡು ಗಂಟೆಗಳವು. ಹೊಸ ಪ್ರಧಾನಿ ನವಾಫ್ ಸಲಾಮ್ ಅವರ ಸಂಪುಟದಲ್ಲೂ ಹಣಕಾಸು ಖಾತೆ ಬೆರ್ರಿಯವರಿಗೆ ಒಪ್ಪಿತರಾದ ಯಾಸೀನ್ ಜಾಬಿರ್ ಅವರಿಗೆ ಹೋಯಿತು.

2025ರಲ್ಲಿ ಜಗಳ ಹೊರನಾಡ ಲೆಬನಾನಿಗರ ಮತಕ್ಕೆ ತಿರುಗಿತು. 2017ರ ಚುನಾವಣಾ ಕಾನೂನು ಅವರಿಗೆಂದು ಆರು ಪ್ರತ್ಯೇಕ ಸ್ಥಾನಗಳನ್ನು ಬರೆದಿತ್ತು. ಆದರೆ 2022ರಲ್ಲಿ ಆ ಕಲಮನ್ನು ಅಮಾನತಿನಲ್ಲಿಟ್ಟು, ಅವರು ತಂತಮ್ಮ ಮೂಲ ಊರಿನ ಕ್ಷೇತ್ರದ 128ರಲ್ಲೇ ಮತ ಹಾಕಿದ್ದರು, ಮತ್ತು ಆ ಮತಗಳಲ್ಲಿ ದೊಡ್ಡ ಪಾಲು ಹಳೆಯ ಪಕ್ಷಗಳ ವಿರುದ್ಧ ಬಿದ್ದಿತ್ತು. ಮುಂದೆಯೂ ಹಾಗೆಯೇ ಇರಲಿ ಎಂಬ ತಿದ್ದುಪಡಿಯನ್ನು ಸದನದ ಅರ್ಧಕ್ಕಿಂತ ಹೆಚ್ಚು ಸದಸ್ಯರು ಸಹಿ ಹಾಕಿ ಕೇಳಿದರು. ಪಶ್ಚಿಮ ಆಫ್ರಿಕಾದ ವಲಸೆಗಾರರ ಮನೆಯಲ್ಲಿ ಹುಟ್ಟಿದ ಸಭಾಧ್ಯಕ್ಷರು, ಜಾರಿಯಲ್ಲಿರುವ ಕಾನೂನು ಒಂದಿದೆ, ಚುನಾವಣೆ ಅದರಂತೆಯೇ ನಡೆಯಲಿ ಎಂದು ಉತ್ತರಿಸಿದರು. ಸಹಿ ಹಾಕಿದವರು ಸಭೆಯಿಂದ ಹೊರನಡೆದು ಕೋರಂ ಮುರಿದರು, ಬೆರ್ರಿಯವರ ಕಡೆಯವರು ಹಿಂದೆ ಮಾಡಿದ್ದನ್ನೇ ಅವರೂ ಮಾಡಿದರು. ತಿದ್ದುಪಡಿಯಂತೂ ಆ ಸಭೆಗಳ ಕಾರ್ಯಸೂಚಿಗೆ ಬರಲಿಲ್ಲ.